ಇನ್ನೊಂದೇ ಒಂದು ಸಲ

ಕೊಂಡವರು ಸರಕು ಹಿಂದಿರುಗಿಸುವುದು ವ್ಯಾಪಾರದಲ್ಲಿ ಇದ್ದದ್ದೇ. ಕೊಟ್ಟವಳೇ ಮನೆಬಾಗಿಲಿಗೆ ಹೋಗಿ "ಅದನ್ನ ಒಂಚೂರು ವಾಪಸ್ ಕೊಡಿ" ಎಂದು ಬೇಡುವುದನ್ನು ಆ ಬೀದಿ ಮೊದಲು ಕಂಡದ್ದು ಫ್ರಾಕಕ್ಕನಿಂದ.

ಇಪ್ಪತ್ತೆರಡು ವರ್ಷದಿಂದ ಅವಳು ಹೊಲಿಯುತ್ತಿದ್ದದ್ದು ಮಕ್ಕಳ ಬಟ್ಟೆ ಮಾತ್ರ. ಅವಳು ಹಾಕಿದ ಅಂಚು, ಮಗು ಬೆಳೆದು ಫ್ರಾಕು ತಂಗಿಯ ಪಾಲಿಗೆ ಬಂದರೂ ಬಿಚ್ಚುತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಒಂದು ಮಗುವಿಗೂ ಒಂದು ಗುಂಡುಸೂಜಿ ಚುಚ್ಚಿದ್ದಿಲ್ಲ. ಆದರೆ ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಕೂಸೊಂದರ ಅಂಗಿ ಮಡಿಸುವಾಗ, ತಲೆಯೊಳಗೆ ಒಂದು ಮಾತು ಸುಳಿಯಿತು: ಒಂದು ವೇಳೆ ಒಳಗೆ ಸೂಜಿ ಉಳಿದಿದ್ದರೆ? ಇಂಥ ಮಾತು ಎಲ್ಲರ ತಲೆಗೂ ಬರುತ್ತದೆ, ಬಂದ ದಾರಿಯಲ್ಲೇ ಹೋಗುತ್ತದೆ. ಇವಳ ತಲೆಯಲ್ಲಿ ಮಾತ್ರ ಅದು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಿತು.

ಮೊದಮೊದಲು ಡಬ್ಬಿಯ ನಲವತ್ತು ಗುಂಡುಸೂಜಿಗಳನ್ನು ಕೆಲಸ ಮುಗಿದ ಮೇಲೆ ಒಮ್ಮೆ ಎಣಿಸುತ್ತಿದ್ದಳು. ಆಮೇಲೆ ಮೂರು ಸಲ. ಆಮೇಲೆ ಎಣಿಕೆಯ ಮೇಲೇ ನಂಬಿಕೆ ಹೋಗಿ, ಅಂಚಿನುದ್ದಕ್ಕೂ ಬೆರಳಾಡಿಸುವುದು, ಅಯಸ್ಕಾಂತ ಹಿಡಿಯುವುದು, ಕೊನೆಗೆ ಹೊಲಿದದ್ದನ್ನೇ ಬಿಚ್ಚಿ ನೋಡಿ ಮತ್ತೆ ಹೊಲಿಯುವುದು. ಒಂದು ದಿನದ ಫ್ರಾಕು ತಿಂಗಳು ಹಿಡಿಯಿತು. ಅಷ್ಟಾಗಿ ಕೊಟ್ಟರೂ ಮುಗಿಯದು. ಮಗು ಶಾಲೆಗೆ ಹೊರಡುವ ಹೊತ್ತಿಗೆ ಬಾಗಿಲಲ್ಲಿ ಇವಳು ಹಾಜರ್.

"ಗುಂಡಿ ಸಡಿಲ ಇತ್ತು ಅನ್ಸುತ್ತೆ, ಒಂಚೂರು ಬಿಚ್ಚಿ ಕೊಡಿ."

"ಅಯ್ಯೋ ಅಕ್ಕ, ಮಗೂನ ಬರೀ ಮೈಲಿ ಕಳಿಸ್ಲಾ?"

ಗಂಡನದು ಪಕ್ಕದಲ್ಲೇ ಸೈಕಲ್ ರಿಪೇರಿ ಅಂಗಡಿ. "ರೀ, ಮುಟ್ಟಿ ನೋಡಿ, ಸೂಜಿ ಇಲ್ಲ ತಾನೆ?" ಎಂದು ಕರೆದಾಗಲೆಲ್ಲ ಅವನು ಗ್ರೀಸು ತೊಳೆದು ಬಂದು, ಬಟ್ಟೆ ಸವರಿ, ಅವಳ ಮುಖ ನೋಡಿ "ಇಲ್ಲ" ಅನ್ನಬೇಕು. ಬೇರೆ ಕಡೆ ನೋಡಿ ಅಂದರೆ ಅದು ಲೆಕ್ಕಕ್ಕಿಲ್ಲ. ಸೈಕಲ್ ರಿಪೇರಿಯವರಲ್ಲಿ ಅಷ್ಟು ಬೆಳ್ಳಗಿನ ಕೈ ಇನ್ನೊಬ್ಬನದಿರಲಿಲ್ಲ.

ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಒಳ್ಳೆಯ ಕೆಲಸಕ್ಕೆ ದೊಡ್ಡವರು ಕಾಯುತ್ತಾರೆ. ಮಗು ಎಲ್ಲಿ ಕಾಯುತ್ತದೆ, ಬೆಳೆಯುತ್ತದೆ. ಫ್ರಾಕು ಕೈಗೆ ಬರುವಷ್ಟರಲ್ಲಿ ಗಿಡ್ಡ. "ಇನ್ನು ಅಂಗಡಿ ಮುಚ್ಚಿಬಿಡ್ತೀನಿ" ಎಂದು ಅವಳೇ ಬಾಯಿಬಿಟ್ಟ ದಿನ, ಗಂಡ ಅವಳನ್ನು ಮನಸ್ಸಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದ.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು. "ಎಷ್ಟು ಸಲ ನೋಡಿದ್ರೆ ನಿಮಗೆ ಸಮಾಧಾನ?"

"ಇನ್ನೊಂದೇ ಒಂದು ಸಲ, ಮೇಡಂ."

"ಅದು ಎಷ್ಟನೇ ಸಲ?"

ಫ್ರಾಕಕ್ಕ ಯೋಚಿಸಿದಳು. "ಯಾವಾಗ್ಲೂ ಇನ್ನೊಂದೇ."

"ಒಂದ್ಸಲ ನೋಡೋದು ಕೆಲಸ. ಎರಡನೇ ಸಲದಿಂದ ನೀವು ಹುಡುಕ್ತಿರೋದು ಖಾತ್ರೀನ. ಅದು ಯಾವ ಅಂಗಡೀಲೂ ಸಿಗಲ್ಲ." ಆಮೇಲೆ ಗಂಡನ ಕಡೆ ತಿರುಗಿದರು. "ದಿನಕ್ಕೆಷ್ಟು ಸಲ 'ಇಲ್ಲ' ಅಂತೀರಿ?"

"ಮೂವತ್ತು, ನಲವತ್ತು..."

"ಹಾಗಾದ್ರೆ ನೀವು ಈ ಕಾಯಿಲೆ ಹತ್ರ ಕೂಲಿಗಿದ್ದೀರಿ. ಇನ್ಮೇಲೆ ಕೇಳಿದ್ರೆ 'ಇರಬಹುದು' ಅನ್ನಿ."

"ಇರಬಹುದು ಅಂದ್ರೆ ಇವಳು ಉಳೀತಾಳಾ ಮೇಡಂ?"

"ನೀವು ಉಳೀತೀರಾ ನೋಡ್ಕೊಳ್ಳಿ."

ಪಾಠ ಸಣ್ಣದರಿಂದ ಶುರುವಾಯಿತು. ದಿಂಬಿನ ಚೀಲ ಹೊಲಿದು, ಒಂದೇ ಸಲ ನೋಡಿ, ಅದರ ಮೇಲೆ ತಲೆಯಿಟ್ಟು ಮಲಗುವುದು. ಭಯಕ್ಕೆ ನೂರಕ್ಕೆ ಇಷ್ಟು ಅಂತ ಅಂಕ ಕೊಟ್ಟು ಬರೆಯುವುದು. ಮೊದಲಿಗೆ ತೊಂಬತ್ತು, ಏನೂ ಮಾಡದೆ ಒಂದು ಗಂಟೆ ಕೂತರೆ ಅರವತ್ತು, ಬೆಳಿಗ್ಗೆ ಚಹಾ ಹೊತ್ತಿಗೆ ಇಪ್ಪತ್ತು. ಸೂಜಿ ಹುಡುಕದೆಯೂ ಭಯ ಇಳಿಯುತ್ತದೆ ಎಂಬುದು ಅವಳಿಗೆ ಹೊಸ ಸುದ್ದಿ. ಮುಂದೆ ಗಂಡನ ಶರ್ಟು. ಅವನು ಅದನ್ನು ತೊಟ್ಟು, ಎದೆ ಹಿಡಿದು "ಅಮ್ಮಾ!" ಎಂದು ಕೂಗಿ, ಅವಳ ಕೈಯ ಸೌಟಿನಿಂದ ಏಟು ತಿಂದ. ಎಲ್ಲಕ್ಕಿಂತ ಕಷ್ಟವಾದದ್ದು, ನಲವತ್ತರ ಲೆಕ್ಕವೇ ತಪ್ಪಲೆಂದು, ಎಣಿಸದೆ ಹೊಸ ಸೂಜಿ ಒಂದು ಹಿಡಿ ಡಬ್ಬಿಗೆ ಸುರಿಯುವುದು. ಅಂದು ಅತ್ತಳು. ಎರಡು ವಾರ ಡಾಕ್ಟರ ಕಡೆ ತಲೆಹಾಕಲಿಲ್ಲ. ಬಾಗಿಲು ಹಾಕಿಕೊಂಡು ಅಂಗಿಯೊಂದರ ತೋಳನ್ನು ಏಳು ಸಲ ಬಿಚ್ಚಿದಳು. ಆಮೇಲೆ ತಾನೇ ಹೋದಳು.

ಹೀಗೆ ನಾಲ್ಕು ತಿಂಗಳಾದ ಮೇಲೆ ಪರವೂರಿನ ಅಜ್ಜಿಯೊಬ್ಬರು ಬಂದರು. ಆರು ತಿಂಗಳ ಮೊಮ್ಮಗಳಿಗೆ ಬಿಳಿ ಫ್ರಾಕು, ನೆರಿಗೆಯದು. ಮರುದಿನ ಹನ್ನೆರಡೂವರೆ ಬಸ್ಸಿಗೆ ಅವರು ಹೊರಡುವವರು. ಒಮ್ಮೆ ಹೋದರೆ ಬಾಗಿಲಲ್ಲಿ ನಿಂತು ಬೇಡಲು ಮನೆ ಗೊತ್ತಿಲ್ಲ. ಫ್ರಾಕಕ್ಕ ಹೊತ್ತಿಗೆ ಸರಿಯಾಗಿ ಹೊಲಿದು, ಅಂಚು ಸವರಿ, ಒಮ್ಮೆ ನೋಡಿ, ಮಡಿಸಿ ಕೊಟ್ಟಳು.

"ಎಲ್ಲಾ ನೋಡಿದ್ದೀಯಲ್ಲಮ್ಮ? ಎಳೇ ಕೂಸು," ಅಂದರು ಅಜ್ಜಿ. ಎಲ್ಲ ಬಿಟ್ಟು ಅದನ್ನೇ ಕೇಳಬೇಕೆ!

"ಒಂದ್ಸಲ ನೋಡಿದೀನಿ."

ಅಜ್ಜಿ ಹೋದರು. ಐದು ನಿಮಿಷಕ್ಕೆ ಅವಳ ಒಂದು ಕಾಲಲ್ಲಿ ಚಪ್ಪಲಿ. ಬಸ್ ನಿಲ್ದಾಣ ಎರಡು ಬೀದಿ ಆಚೆ. ಗಂಡ ಸೈಕಲ್ ಚಕ್ರ ಬಿಟ್ಟು ಎದ್ದು ನಿಂತ.

"ರೀ, ಅದ್ರಲ್ಲಿ ಸೂಜಿ ಇದ್ಯಾ?"

"ಇ... ಇರಬಹುದು."

ಅವನ ಹಣೆಯಲ್ಲಿ ಬೆವರು. ಅವಳು ಅದನ್ನು ನೋಡಿದಳು. ಆ ಭಯದಲ್ಲೂ ನಗು ಬಂತು. ಹೊಸ್ತಿಲಲ್ಲೇ ಕೂತಳು. ತೊಂಬತ್ತೈದು, ಎಂದುಕೊಂಡಳು. ಮುಖ್ಯ ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆದು ಹೋಯಿತು. ಆಗಲೂ ತೊಂಬತ್ತೈದೇ. ಕೂತೇ ಇದ್ದಳು. ಎರಡು ಗಂಟೆಗೆ ಗಿರಾಕಿಯೊಬ್ಬಳು ಬಂದು ಕಾಲರ್ ದುಂಡಗಿರಲೋ ಚೂಪಗಿರಲೋ ಎಂದು ಜಗಳ ತೆಗೆದಳು. ಆ ಜಗಳ ಗೆದ್ದ ಮೇಲೆಯೇ ಫ್ರಾಕಕ್ಕನಿಗೆ, ತಾನು ಅಂಕ ನೋಡುವುದನ್ನೇ ಮರೆತೆ ಎಂದು ತಿಳಿದದ್ದು.

ಮೂರನೆಯ ದಿನ ಗಂಡ ಮೊಬೈಲ್ ಹಿಡಿದು ಬಂದ. "ಅಳತೆ ಪುಸ್ತಕದಲ್ಲಿ ಆ ಅಜ್ಜಿ ನಂಬರ್ ಇದೆಯಲ್ಲ... ಒಂದ್ ಮಾತು ಕೇಳಿಬಿಡ್ಲಾ? ನಂಗೇ ಸಮಾಧಾನ ಇಲ್ಲ ಮಾರಾಯ್ತಿ."

"ಬೇಡ."

"ಒಂದೇ ಸಲ."

"ಅವರು 'ಏನೂ ಇಲ್ಲ' ಅಂತಾರೆ. ನಾಳೆ ಮತ್ತೆ ಕೇಳ್ಬೇಕು ಅನ್ಸುತ್ತೆ. ನಂಗೆ ಗೊತ್ತಿಲ್ವಾ ಆ ದಾರಿ?" ಅವಳು ಮೊಬೈಲ್ ಕಿತ್ತುಕೊಂಡು ಬಟ್ಟೆ ಗಂಟಿನಡಿ ತಳ್ಳಿದಳು. "ಹೋಗಿ, ಪಂಕ್ಚರ್ ಹಾಕಿ ಹೋಗಿ. ನಂಗೆ ಸಂಜೆಯೊಳಗೆ ಮೂರು ಅಂಗಿ ಕೊಡೋದಿದೆ."