ಸ್ಟ್ರೆಚರ್ ಡೆಮೊ ಕೊಟ್ಟ ದಿನ

ಅಂದು ಮಾಡಿದ ಕೆಲಸಗಳು: ನಲ್ಲಿ ಬಂದಾಗ ಎರಡೂ ಡ್ರಮ್ಮು ತುಂಬಿಸಿದ್ದು. ಹಿಂದಿನ ದಿನ ನೆನೆಸಿದ್ದ ಮಡಕಿ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟದ್ದು. ಮಗಳ ಡಬ್ಬಿಗೆ ಉಪ್ಪಿಟ್ಟು, ಮಿಕ್ಕದ್ದು ನನಗೆ. ಗ್ಯಾಸಿನವನಿಗೆ ಫೋನು. ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದ್ದು, ಮೋಡ ನೋಡಿ ಮತ್ತೆ ಒಳಗೆ ತಂದದ್ದು. ಇಸ್ತ್ರಿಯವನ ಹತ್ತಿರ ಕಂದು ಸೀರೆ ಇಸಿದುಕೊಂಡದ್ದು. ಮಧ್ಯಾಹ್ನ ಬಾಂದ್ರಾದ ಸರ್ಕಾರಿ ಕಚೇರಿಯಲ್ಲಿ ಸ್ಟ್ರೆಚರ್ ಮೇಲೆ ಮಲಗಿ ಎರಡು ಮಹಡಿ ಇಳಿದದ್ದು. ಬರುವಾಗ ಅರ್ಧ ಕಿಲೋ ಬದನೆಕಾಯಿ.

ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ದಿನಾ ಇರುವುದೇ. ಆ ಒಂದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಸಯನ್ ಸ್ಟೇಷನ್ನಿನ ಆಚೆ ನಮ್ಮ ಯಜಮಾನರದೊಂದು ಗಾಲಾ ಇದೆ. ಶಟರ್ ಎತ್ತಿದರೆ ಕಾರ್ಖಾನೆ, ಇಳಿಸಿದರೆ ಗೋದಾಮು, ಅಷ್ಟು ದೊಡ್ಡ ಕೋಣೆ. ಅಲ್ಲಿ ಶಾಲೆಯ ಬ್ಯಾಗು ಹೊಲಿಯುತ್ತಿದ್ದರು. ಹೊರಗಿನಿಂದ ರೆಡಿ ಬ್ಯಾಗುಗಳು ಬರತೊಡಗಿದ ಮೇಲೆ ನಮ್ಮ ಹೋಲ್‌ಸೇಲ್ ಗಿರಾಕಿ ಮೊದಲು ಆರ್ಡರ್ ಕಡಿಮೆ ಮಾಡಿದ, ಆಮೇಲೆ ಫೋನ್ ಎತ್ತುವುದನ್ನೂ ಕಡಿಮೆ ಮಾಡಿದ. ಸಣ್ಣ ಮಷೀನುಗಳು ಒಂದೊಂದಾಗಿ ಹೋದವು. ಉಳಿದದ್ದು ಒಂದೆರಡು, ಮತ್ತೆ ದೊಡ್ಡ ಮಷೀನು. ಮಳೆಗೆ ಹೊದಿಸುವ ತಾಡಪತ್ರಿಯನ್ನು ನಾಲ್ಕು ಪದರ ಮಡಚಿ ಕೊಟ್ಟರೂ ಸೂಜಿ ಮುರಿಯದೆ ಹೊಲಿಯುವಂಥದ್ದು ಅದು. ಅದಕ್ಕೂ ಉಲ್ಹಾಸನಗರದ ಒಬ್ಬ ಗಿರಾಕಿ ಸಿಕ್ಕಿದ್ದ. ಡೆಮೊದ ದಿನ ಬೆಳಿಗ್ಗೆ, ನಾಳೆ ಟೆಂಪೋ ತರುತ್ತೇನೆ, ಇವತ್ತು ಸಂಜೆಯೊಳಗೆ ಹೌದೋ ಅಲ್ಲವೋ ಹೇಳಿ ಎಂದಿದ್ದ. ಆ ಮಷೀನು ಹೋದರೆ ಮಾಸ್ಟರ್ ಕೂಡ ಹೋಗುತ್ತಾರೆ. ಮಾಸ್ಟರ್ ಎಂದರೆ ನಮ್ಮ ಹಳೆಯ ಟೇಲರ್, ನಮ್ಮಂತೆಯೇ ವಿಜಯಪುರದ ಕಡೆಯವರು. ದೊಡ್ಡ ಮಷೀನಿಗೆ ಕೂತ ಕಾಲು ಸಣ್ಣದಕ್ಕೆ ಬಗ್ಗುವುದಿಲ್ಲ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಇಷ್ಟಾದರೆ ಗಾಲಾದಲ್ಲಿ ಉಳಿಯುವುದು ಶಟರ್ ಒಂದೇ.

ಟೆಂಡರಿನ ಸುದ್ದಿ ತಂದವಳು ಮಗಳು. ರಾಜ್ಯದ ತುರ್ತು ಸೇವೆಯ ಇಲಾಖೆಗೆ ಬಟ್ಟೆಯ ಸ್ಟ್ರೆಚರ್ ಬೇಕಾಗಿತ್ತು. ಅದಕ್ಕೆ ಕೋಲುಗಳಿಲ್ಲ. ಗಟ್ಟಿ ಬಟ್ಟೆ, ಸುತ್ತ ಎಂಟು ಹಿಡಿಕೆ, ಎದೆಗೊಂದು ತೊಡೆಗೊಂದು ಬೆಲ್ಟು. ಹಳೇ ಬಿಲ್ಡಿಂಗುಗಳ ಮೆಟ್ಟಿಲ ತಿರುವಿನಲ್ಲಿ ಕೋಲಿನ ಸ್ಟ್ರೆಚರ್ ತಿರುಗುವುದಿಲ್ಲವಲ್ಲ, ಅದಕ್ಕೆ. ಹೆಂಗಸರ ಹೆಸರಿನ ಸಣ್ಣ ಉದ್ಯಮಕ್ಕೆ ಸ್ವಲ್ಪ ರಿಯಾಯಿತಿ ಇತ್ತು. ನಮ್ಮ ಗಾಲಾದ ಕಾಗದಪತ್ರ, ಯಾವುದೋ ಕಾಲದ ಯಾವುದೋ ಅನುಕೂಲಕ್ಕೆ, ನನ್ನ ಹೆಸರಿನಲ್ಲಿತ್ತು.

"ಅಮ್ಮಿ, ಮಹಿಳಾ ಉದ್ಯಮಿ ಮತ್ಲಬ್ ನೀನು," ಎಂದು ಮಗಳು ಫೋನಿನಿಂದ ತಲೆ ಎತ್ತದೆ ಹೇಳಿದಳು. ಅವಳ ಕನ್ನಡ ಇಷ್ಟೇ, ನಡುನಡುವೆ ಹಿಂದಿಯ ಆಸರೆ ಬೇಕು. "ಪ್ರೊಪ್ರೈಟರ್ ತೂ ಹೀ ಹೈ."

"ಕಾಗದದ ಮ್ಯಾಲ ಅಷ್ಟ," ಎಂದರು ನಮ್ಮವರು.

"ಕಾಗದದ ಮ್ಯಾಲರೆ ಇರ್ಲಿ ಬಿಡ್ರಿ. ಸ್ವಂತ ಮನ್ಯಾಗ ಯಾವ ಕಪಾಟಿನ ಕೀಲಿನೂ ನನ್ನ ಕಡೆ ಇಲ್ಲ," ಎಂದೆ.

ಅರ್ಜಿಯನ್ನು ಅವಳೇ ತುಂಬಿದಳು. ಮಾಸ್ಟರ್ ದೊಡ್ಡ ಮಷೀನಿನ ಮೇಲೆ ನಮೂನೆಯೊಂದನ್ನು ಹೊಲಿದರು. ನಮ್ಮವರು ಅದರಲ್ಲಿ ಬಟ್ಟೆಯ ಗಂಟೊಂದನ್ನು ಕಟ್ಟಿ, ನಮ್ಮ ಬಿಲ್ಡಿಂಗಿನ ಮೆಟ್ಟಿಲಲ್ಲಿ ನಾಲ್ಕು ಜನರಿಂದ ಹೊರಿಸಿ ಮೇಲೆ ಕೆಳಗೆ ಓಡಾಡಿಸಿದರು. ನಮ್ಮ ದಂಧೆಯಲ್ಲಿ ಏನನ್ನು ನೋಡಬೇಕಾದರೂ ಗಂಟು ಕಟ್ಟಿಯೇ ನೋಡುವುದು. ಬ್ಯಾಗಿನ ಹಿಡಿಕೆ ತಡೆಯುತ್ತದೋ ಇಲ್ಲವೋ, ಹಗ್ಗ ಹರಿಯುತ್ತದೋ ಇಲ್ಲವೋ, ಎಲ್ಲಕ್ಕೂ ಗಂಟು. ಕೆಳಗಿನ ಮನೆಯವರು ಬಂದು, ಮನೆ ಖಾಲಿ ಮಾಡುತ್ತಿದ್ದೀರಾ ಎಂದು ಕೇಳಿ ಹೋದರು. ಗಂಟು ಅಲ್ಲಾಡಲಿಲ್ಲ, ಹೊಲಿಗೆ ಬಿಡಲಿಲ್ಲ. ನಮ್ಮವರಿಗೆ ಸಮಾಧಾನವಾಯಿತು.

ಕಾಗದಪತ್ರ ಸರಿ ಇದ್ದು ಮುಂದಿನ ಸುತ್ತಿಗೆ ಬಂದವರು ಮೂವರು, ಅವರಲ್ಲಿ ನಾವೊಬ್ಬರು. ಕಚೇರಿಯವರ ಎದುರು ಸ್ಟ್ರೆಚರನ್ನು ಬಳಸಿ ತೋರಿಸಬೇಕು. ಪಾಸಾದವರ ಬೆಲೆಯ ಲಕೋಟೆಯನ್ನು ಮಾತ್ರ ತೆರೆಯುವುದು. ಆ ಡೆಮೊ ಇದ್ದದ್ದು ಅಂದು.

ಸೇತುವೆಯ ಕೆಲಸ ನಡೆದಿದ್ದರಿಂದ ಬಸ್ಸು ಸುತ್ತಿ ಹೋಯಿತು. ಸುರುಳಿ ಸುತ್ತಿದ ಸ್ಟ್ರೆಚರ್ ನಮ್ಮವರ ತೊಡೆಯ ಮೇಲಿತ್ತು. ತಂಬು ಎಲ್ಲಿ ಹೊಡೆಯುತ್ತೀರಿ ಕಾಕಾ ಎಂದು ಕಂಡಕ್ಟರ್ ಮರಾಠಿಯಲ್ಲಿ ಕೇಳಿದ. ಸರ್ಕಾರದ ಅಂಗಳದಲ್ಲಿ ಎಂದರು ಇವರು. ಅಂದು ಅವರ ಬಾಯಿಂದ ಬಂದ ಒಂದೇ ತಮಾಷೆ ಅದು.

ಕಚೇರಿಯಲ್ಲಿ ಒಬ್ಬರು ಮೇಡಂ, ಖಾಕಿ ಬಟ್ಟೆಯ ಹಿರಿಯರೊಬ್ಬರು, ರಿಜಿಸ್ಟರ್ ಹಿಡಿದ ಗುಮಾಸ್ತ, ಹೊರುವುದಕ್ಕೆ ನಾಲ್ವರು ಜವಾನರು, ಒಬ್ಬಳು ಹೆಣ್ಣು ಜವಾನಳು. ಉಳಿದೆರಡು ಕಂಪನಿಗಳಿಂದ ಒಬ್ಬೊಬ್ಬ ಸೇಲ್ಸ್‌ಮನ್ ಬಂದಿದ್ದರು. ಇಬ್ಬರೂ ತೆಳ್ಳಗೆ, ಇಬ್ಬರ ಬೂಟೂ ಹೊಳೆಯುತ್ತಿತ್ತು. ಪರೀಕ್ಷೆಗೆ ಇಡುವ ಮರಳಿನ ಬೊಂಬೆಯನ್ನು ಯಾವುದೋ ತರಬೇತಿಗೆ ಒಯ್ದಿದ್ದರಂತೆ. ಆದ್ದರಿಂದ ಅವರವರ ಸ್ಟ್ರೆಚರಿನಲ್ಲಿ ಅವರವರ ಕಡೆಯವರೇ ಮಲಗಬೇಕೆಂದು ಹೇಳಿದರು.

ನಮ್ಮವರು ಚಪ್ಪಲಿ ಬಿಟ್ಟು ಮುಂದಾದರು. ಗುಮಾಸ್ತ ತಡೆದ. ಇವರ ಗೇಟ್ ಪಾಸು ಸಾಮಾನು ಹೊರುವವರದು, ಪರೀಕ್ಷೆಗೆ ನಿಲ್ಲಬೇಕಾದವರು ಅರ್ಜಿದಾರರು, ಇಲ್ಲವೇ ಕಂಪನಿ ಪತ್ರ ಕೊಟ್ಟು ಕಳಿಸಿದವರು. ಅರ್ಜಿದಾರಳು ನಾನು. ಇಷ್ಟು ವರ್ಷ ಕಾಗದದ ಮೇಲೆ ಇದ್ದವಳು ಬಟ್ಟೆಯ ಮೇಲೆ ಮಲಗಬೇಕಾಯಿತು.

ಮೊದಲು ಆ ಇಬ್ಬರು ಹುಡುಗರು ಇಳಿದರು. ಬಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಗುತ್ತಾ ಹೋದರು, ನಗುತ್ತಾ ಎದ್ದರು. ಮೂರನೆಯದು ನನ್ನ ಸರದಿ. ಹೆಣ್ಣು ಜವಾನಳು ಹತ್ತಿರ ಬಂದು ನೆರಿಗೆಯನ್ನು ಮೊಣಕಾಲ ಕೆಳಗೆ ಸರಿಯಾಗಿ ಸೇರಿಸಿ, ಸೆರಗು ಎಳೆದು, ನನ್ನ ಎರಡೂ ಕೈಗಳನ್ನು ಎದೆಯ ಬೆಲ್ಟಿನ ಒಳಗೆ ಇಟ್ಟು ಬಿಗಿದಳು. ಸೀರೆ ಹಾರಬಾರದಲ್ಲ ಮಾವ್ಶೀ ಎಂದಳು. ನನಗೂ ಅದೇ ಬೇಕಾಗಿತ್ತು.

ಎತ್ತಿದರು. ತಲೆಯ ಕಡೆ ಇದ್ದ ಜವಾನ ಉಸಿರು ಬಿಟ್ಟು, "ಆಂಟಿ, ನಾಷ್ಟಾ ಕ್ಯಾ ಕಿಯಾ ಥಾ?" ಎಂದ.

"ಉಪ್ಮಾ. ವೋ ಭೀ ಬಚಾ ಹುವಾ," ಎಂದೆ. ತಿಂಡಿಗೆ ತಿಂದದ್ದೂ ಮಿಕ್ಕ ಉಪ್ಪಿಟ್ಟೇ ಎಂದು ಕೇಳಿ ನಾಲ್ವರೂ ನಕ್ಕರು. ನಗುವಿಗೆ ಸ್ಟ್ರೆಚರ್ ಕುಲುಕಿತು.

ಮಲಗಿಕೊಂಡು ಮೆಟ್ಟಿಲಿಳಿಯುವಾಗ ಕಾಣುವುದೇ ಬೇರೆ. ಟ್ಯೂಬ್‌ಲೈಟಿನ ಹಿಂದಿನ ಜೇಡರ ಬಲೆ, ಮೇಲಿನ ಮೆಟ್ಟಿಲುಗಳ ತಳ, ಜವಾನನ ಗದ್ದದ ಕೆಳಗೆ ರೇಜರಿನಿಂದ ತಪ್ಪಿಸಿಕೊಂಡ ನಾಲ್ಕು ಕೂದಲು. ಕಾಲು ಮುಂದೆ, ತಲೆ ಹಿಂದೆ. ಮೊದಲ ತಿರುವಿನವರೆಗೆ ಏನೂ ಅನ್ನಿಸಲಿಲ್ಲ. ಆಮೇಲೆ ಒಂದೊಂದು ಮೆಟ್ಟಿಲಿಗೆ ಒಂದಿಷ್ಟು ಕಾಲಿನ ಕಡೆಗೆ ಸರಿಯತೊಡಗಿದೆ. ಪಾದಕ್ಕೆ ಏನೂ ಆಸರೆ ಇರಲಿಲ್ಲ. ಹಿಡಿದುಕೊಳ್ಳೋಣವೆಂದರೆ ಕೈ ಬೆಲ್ಟಿನ ಒಳಗೆ. ನಾನು ಕೆಳಗೆ ಸರಿದಷ್ಟೂ ಬೆಲ್ಟು ಮೇಲೆ ಬಂತು. ಎದೆಯಿಂದ ಭುಜದ ಎಲುಬಿಗೆ, ಅಲ್ಲಿಂದ ಗಂಟಲಿಗೆ. ಎರಡನೆಯ ತಿರುವಿನಲ್ಲಿ ಉಗುಳು ನುಂಗಲು ಆಗಲಿಲ್ಲ, ಕೂಗಲೂ ಆಗಲಿಲ್ಲ. ಕೆಳಗೆ ತಲುಪಿ ನೆಲಕ್ಕಿಟ್ಟರು.

ಖಾಕಿಯ ಹಿರಿಯರು ಬಗ್ಗಿ ಹಿಡಿಕೆಗಳನ್ನು ಒಂದೊಂದಾಗಿ ಎಳೆದು ನೋಡಿದರು. ಹೊಲಿಗೆಯ ಮೇಲೆ ಬೆರಳಾಡಿಸಿದರು. "ಸಿಲಾಯಿ ಪಕ್ಕೀ ಹೈ. ಪಾಸ್," ಎಂದರು. ನಮ್ಮವರ ಮುಖ ಅಷ್ಟು ಬಿಚ್ಚಿಕೊಂಡದ್ದನ್ನು ಬಹಳ ದಿನದಿಂದ ನಾನು ನೋಡಿರಲಿಲ್ಲ. ಆಗಲೇ ಜೇಬಿನ ಫೋನನ್ನು ಮುಟ್ಟಿ ನೋಡಿಕೊಂಡರು. ಉಲ್ಹಾಸನಗರದವನಿಗೆ ಬೇಡ ಎನ್ನುವುದಕ್ಕೆ ಇರಬೇಕು.

ಹೇಳಲೋ ಬಿಡಲೋ ಎಂದು ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಮೊದಲು ನೀರು ಕೇಳಿದೆ. ನೀರು ಇಳಿಯುವಾಗ ಗಂಟಲು ನೋಯಿತು. ಆಮೇಲೆ ಹೇಳಿದೆ, ಬೆಲ್ಟು ಇಲ್ಲಿಗೆ ಬಂದಿತ್ತು ಎಂದು, ಬೆರಳಿಟ್ಟು.

ಮೇಡಂ ಬಂದು ನನ್ನ ಕತ್ತನ್ನು ನೋಡಿದರು. ಕೆಂಪು ಗೆರೆ ಇತ್ತು. ಆ ಇಬ್ಬರು ಹುಡುಗರನ್ನೂ ಕೇಳಿದರು. ಅವರು ಅಂಚು ಹಿಡಿದುಕೊಂಡಿದ್ದೆವು ಎಂದರು. ಮೇಡಂ ನಿಧಾನವಾಗಿ ಹಿಂದಿಯಲ್ಲಿ ಹೇಳಿದರು: ನಾವು ಕೊಟ್ಟ ಅಳತೆಯಲ್ಲಿ ಎರಡೇ ಬೆಲ್ಟು, ನೀವು ಅದರಂತೆಯೇ ಹೊಲಿದಿದ್ದೀರಿ, ಅದರಲ್ಲಿ ನಿಮ್ಮ ತಪ್ಪಿಲ್ಲ. ಆದರೆ ಅಳತೆಯಲ್ಲೇ ಕೊರತೆ ಇದ್ದರೆ ಈ ಟೆಂಡರನ್ನು ನಿಲ್ಲಿಸಿ, ತಿದ್ದಿ, ಮತ್ತೆ ಕರೆಯಬೇಕು. ಅದಕ್ಕೆ ಎಷ್ಟು ಕಾಲ ಹಿಡಿಯುತ್ತದೋ ಗೊತ್ತಿಲ್ಲ, ಆಗ ಯಾರಿಗೆ ಸಿಗುತ್ತದೋ ಅದೂ ಗೊತ್ತಿಲ್ಲ. ಬೆಲ್ಟನ್ನು ಕಟ್ಟಿದವರೇ ಸಡಿಲ ಬಿಟ್ಟಿದ್ದರೆ ಮಾತು ಬೇರೆ, ಅದು ಅಳತೆಯ ದೋಷವಲ್ಲ. ಈಗ ಹೇಳಿ, ಬೆಲ್ಟು ಸಡಿಲ ಇತ್ತೋ ಬಿಗಿ ಇತ್ತೋ?

ಪಕ್ಕದಲ್ಲಿ ನಮ್ಮವರು ಕೆಮ್ಮಿದರು. ಅಲ್ಲಿ ಇನ್ನಾರಿಗೂ ತಿಳಿಯದ ಕನ್ನಡದಲ್ಲಿ, ಮೆಲ್ಲಗೆ, "ಸಡ್ಲ ಇತ್ತೇನೋ ನೋಡು," ಎಂದರು.

ಹೆಣ್ಣು ಜವಾನಳು ಎದುರಿಗೇ ನಿಂತಿದ್ದಳು. ಕೈ ಹಿಂದೆ ಕಟ್ಟಿಕೊಂಡು ಗೋಡೆ ನೋಡುತ್ತಿದ್ದಳು.

"ಬಿಗಿ ಇತ್ತು. ಟೈಟ್ ಬಾಂಧಾ ಥಾ," ಎಂದೆ. ಮೇಡಂ ಬರೆದುಕೊಂಡರು, ಟೆಂಡರ್ ಅಲ್ಲಿಗೆ ನಿಂತಿತು.

ಗೇಟಿನ ಹತ್ತಿರ ಒಬ್ಬ ಸೇಲ್ಸ್‌ಮನ್ ಬೈಕಿಗೆ ಕಿಕ್ ಹೊಡೆಯುತ್ತಾ, "ಆಂಟಿ ನೇ ತೋ ಸಬ್ ಕಾ ಪತ್ತಾ ಕಾಟ್ ದಿಯಾ," ಎಂದು ನಕ್ಕ, ಎಲ್ಲರ ಅವಕಾಶಕ್ಕೂ ನಾನೇ ಕತ್ತರಿ ಹಾಕಿದೆನಂತೆ. ಅವನಿಗೆ ತಿಂಗಳ ಸಂಬಳ ಬರುತ್ತದೆ, ನಗಬಹುದು.

ಬಸ್‌ಸ್ಟಾಪಿನವರೆಗೆ ನಮ್ಮವರು ಸ್ಟ್ರೆಚರ್ ಹೆಗಲಿಗಿಟ್ಟು ಮುಂದೆ ಮುಂದೆ ನಡೆದರು. ಅಲ್ಲಿ ನಿಂತ ಮೇಲೆ ಶುರು ಮಾಡಿದರು.

"ನಿನಗ ಯಾರು ಕೇಳಿದ್ರು?"

"ಮೇಡಂ ಕೇಳಿದ್ರಲ್ಲ."

"ಪಾಸ್ ಅಂದಿದ್ರು. ಬಾಯಿಲೆ ಅಂದಿದ್ರು. ನಾ ಸಣ್ಣಗ ಹೇಳಿದ್ನಿಲ್ಲೋ, ಸಡ್ಲ ಅನ್ನು ಅಂತ?"

"ಅಂದಿದ್ರ ಆ ಹುಡುಗಿ ಮ್ಯಾಲ ಬರ್ತಿತ್ತು. ಪಾಪ, ನನ್ನ ಸೀರಿ ಸರಿ ಮಾಡ್ಯಾಳ ಆಕಿ."

"ಗಂಟು ಕಟ್ಟಿ ನೋಡೇವಿ ನಾವು. ಒಂದು ಬಟ್ಟು ಸರದಿಲ್ಲ."

"ನಾ ಗಂಟಲ್ಲ."

"ಹೌದು, ಗಂಟಾಗಿದ್ರ ಸುಮ್ನರ ಇರ್ತಿತ್ತು," ಎಂದರು. ಬಸ್ಸು ಬಂತು. ಬೇರೆ ಬೇರೆ ಸೀಟಿನಲ್ಲಿ ಕೂತೆವು. ಸಯನ್‌ನಲ್ಲಿ ಇಳಿದು ನಾನು ಬದನೆಕಾಯಿ ಆರಿಸುವಾಗ ಅವರು ದೂರ ನಿಂತಿದ್ದರು. ಹುಳುಕು ನೋಡಿ ತಗೋ ಎಂದು ಅಲ್ಲಿಂದಲೇ ಹೇಳಿದರು.

ಮಾಸ್ಟರ್ ನಮ್ಮ ಬಿಲ್ಡಿಂಗಿನ ಕೆಳಗೆ ಕಾಯುತ್ತಾ ಕೂತಿದ್ದರು. ನಮ್ಮವರು ಎಲ್ಲವನ್ನೂ ಹೇಳಿದರು, ನನ್ನ ಮಾತಿನ ಮೇಲೆ ಸ್ವಲ್ಪ ಖಾರ ಉದುರಿಸಿಯೇ ಹೇಳಿದರು. ಮಾಸ್ಟರ್ ಬೀಡಿ ಆರಿಸಿದರು.

"ಭಾಬಿ ಹೇಳಿದ್ದು ಖರೇನೋ ಸುಳ್ಳೋ ನಮಗ ಗೊತ್ತಿಲ್ಲ. ನನಗೂ ಇಲ್ಲ, ನಿಮಗೂ ಇಲ್ಲ. ಮೆಟ್ಲ ಇಲ್ಲೇ ಅದಾವ. ನೀವ ಮಲಗ್ರಿ ಒಮ್ಮೆ."

"ನಾ ಯಾಕ ಮಲಗ್ಲಿ?"

"ಬ್ಯಾಡಂದ್ರ ಬಿಡ್ರಿ. ಭಾಬಿ ಮಲಗಿದ್ರು, ನಿಮಗ ಅಂಜಿಕಿ ಇದ್ರ—"

ಮಲಗಿದರು. ನಮ್ಮ ಮನೆಯ ಬಾಗಿಲ ಮುಂದೆಯೇ ಮಾಸ್ಟರ್ ಬೆಲ್ಟು ಕಟ್ಟಿ, ಕೈಗಳನ್ನು ಒಳಗಿಟ್ಟು ಬಿಗಿದರು. ತಲೆಯ ಕಡೆ ಮಾಸ್ಟರ್ ಮತ್ತು ವಾಚ್‌ಮನ್, ಕಾಲಿನ ಕಡೆ ಆಗಷ್ಟೇ ಕೆಲಸದಿಂದ ಬಂದ ಮಗಳು ಮತ್ತು ನಾನು. ಒಂದು ಮಹಡಿ ಇಳಿಯುವಷ್ಟರಲ್ಲಿ ಕೆಳಗಿನ ಮನೆಯಾಕೆ ಬಾಗಿಲು ತೆರೆದು, "ಅಗೋಬಾಯಿ! ಹಾರ್ಟ್ ಕಾಯ್?" ಎಂದು ಎದೆ ಹಿಡಿದುಕೊಂಡರು.

"ಕುಛ್ ನಹೀ, ಕುಛ್ ನಹೀ, ಟೆಂಡರ್ ಹೈ!" ಎಂದು ನಮ್ಮವರು ಮಲಗಿದಲ್ಲಿಂದ ಕೂಗಿದರು.

ಅದೇ ಅವರ ಕೊನೆಯ ಮಾತು. ಮುಂದಿನ ತಿರುವಿನಲ್ಲಿ ಅವರ ಪಾದಗಳು ಬಟ್ಟೆಯನ್ನು ದಾಟಿ ನನ್ನ ಹೊಟ್ಟೆಗೆ ತಾಗಿದವು. ಹಿಮ್ಮಡಿಯಿಂದ ಎರಡು ಸಲ ಒದ್ದರು.

"ಅಬ್ಬಾ ಕೆಂಪು ಆಗ್ತಾ ಹೈ, ರಖೋ ನೀಚೇ!" ಎಂದಳು ಮಗಳು.

ಇಳಿಸಿ ಬೆಲ್ಟು ಬಿಚ್ಚಿದೆವು. ಎದ್ದು ಕೂತು ಕೆಮ್ಮಿದರು, ಕತ್ತು ಉಜ್ಜಿಕೊಂಡರು, ನನ್ನ ಕಡೆ ನೋಡಲಿಲ್ಲ. ಮಾಸ್ಟರ್ ಬೆಲ್ಟನ್ನು ಸುತ್ತಿದರು. ಆಮೇಲೆ ನಮ್ಮವರು ತಮ್ಮ ಎರಡೂ ಪಾದಗಳನ್ನು ಜೋಡಿಸಿ ಗೇಣು ಹಾಕಿ ಅಳೆದುಕೊಂಡರು.

"ಇಲ್ಲೊಂದು ಜೇಬು ಬೇಕು ಮಾಸ್ಟರ್. ಎರಡೂ ಹೆಜ್ಜಿ ಕೂಡ್ರುವಂಥಾದ್ದು."

"ಅಲ್ಲಿ ನಾಕ್ ಪದರ ಆಕ್ಕೈತಿ. ಸಣ್ಣ ಮಷೀನ್ ಚುಚ್ಚಂಗಿಲ್ಲ."

"ದೊಡ್ಡದು ಇನ್ನೂ ಐತಲ್ಲ," ಎಂದರು ನಮ್ಮವರು.

ಇಬ್ಬರೂ ಗಾಲಾಕ್ಕೆ ಹೋದರು. ನಾನು ಮಡಕಿ ಕಾಳಿನ ಬಟ್ಟೆ ಬಿಚ್ಚಿ ನೋಡಿದೆ. ಮೊಳಕೆ ಇನ್ನೂ ಸಣ್ಣದಿತ್ತು, ನಾಳೆಗಿರಲಿ ಎಂದು ಮತ್ತೆ ಕಟ್ಟಿದೆ. ಚಹಾ ಮಾಡಿ ಫ್ಲಾಸ್ಕಿಗೆ ಹಾಕಿಕೊಂಡು ನಾನೂ ಹೋದೆ. ಮಾಸ್ಟರ್ ಮಷೀನಿಗೆ ಕೂತಿದ್ದರು, ಇವರು ಬಟ್ಟೆಯ ತುದಿ ಹಿಡಿದು ತಳ್ಳುತ್ತಿದ್ದರು. ಉಲ್ಹಾಸನಗರದವನ ಫೋನ್ ಬಂತು. ಮಷೀನ್ ನಿಲ್ಲಿಸಬೇಡಿ ಎಂದು ಮಾಸ್ಟರಿಗೆ ಕೈಸನ್ನೆ ಮಾಡಿ, ಆ ಸದ್ದಿನ ನಡುವೆಯೇ ಮಾತಾಡಿದರು.

"ಭಾಯ್, ಟೆಂಪೋ ಮತ್ ಭೇಜೋ. ಮಷೀನ್ ಕಾಮ್ ಪೇ ಹೈ." ಮಷೀನು ಮಾರುವುದಿಲ್ಲ ಎಂದಾಯಿತು; ಆ ಕಡೆಯವನು ಆರ್ಡರ್ ಸಿಕ್ಕಿತೇ ಎಂದು ಕೇಳಿರಬೇಕು. "ನಹೀ ಮಿಲಾ. ಕಾಮ್ ಹೈ," ಎಂದು ಫೋನ್ ಇಟ್ಟರು. ಆಮೇಲೆ ನನ್ನ ಕೈಯಿಂದ ಫ್ಲಾಸ್ಕು ತೆಗೆದುಕೊಂಡು ಮೊದಲ ಲೋಟ ನನಗೇ ಕೊಟ್ಟರು. "ಬಿಸಿ ಕುಡಿ, ಗಂಟಲಿಗಿ ಚಲೋ," ಎಂದರು.

ಆ ಟೆಂಡರನ್ನು ಹೊಸ ಅಳತೆಯೊಂದಿಗೆ ಮತ್ತೆ ಕರೆದಿದ್ದಾರೆ. ಅದರಲ್ಲಿ ಪಾದದ ಜೇಬಿಗೆ ಒಂದು ಸಾಲು ಸೇರಿದೆ. ಮೂವರೂ ಮತ್ತೆ ಅರ್ಜಿ ಹಾಕಿದ್ದೇವೆ, ಬೆಲೆ ಇನ್ನೂ ತೆರೆದಿಲ್ಲ. ಮಷೀನು ಗಾಲಾದಲ್ಲಿದೆ. ಸದ್ಯಕ್ಕೆ ಮಾಸ್ಟರ್ ಅದರ ಮೇಲೆ ಅಂಗಡಿಗಳ ಮಳೆಗಾಲದ ತಾಡಪತ್ರಿ ಹೊಲಿಯುತ್ತಾರೆ, ಬಂದಷ್ಟು.

ಡೆಮೊದ ದಿನ ರಾತ್ರಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ. ಮಾಸ್ಟರ್ ಕೂಡ ನಮ್ಮಲ್ಲೇ ಉಂಡರು. ನನಗೂ ನಮ್ಮವರಿಗೂ ರೊಟ್ಟಿ ನುಂಗುವುದು ಕಷ್ಟವಾಗಿ, ಇಬ್ಬರೂ ಮಜ್ಜಿಗೆಯಲ್ಲಿ ನೆನೆಸಿಕೊಂಡು ತಿಂದೆವು. ಬದನೆಕಾಯಿಯಲ್ಲಿ ಹುಳುಕು ಇರಲಿಲ್ಲ. ಮಗಳು ನನ್ನ ಕತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಅಪ್ಪನಿಗೂ ಹಚ್ಚಲು ಹೋದಳು. ಅವರು ಆಗಲೇ ಮಲಗಿ ನಿದ್ದೆ ಹೋಗಿದ್ದರು.