ಅತ್ತೆ ಮೆಚ್ಚಿದ ಮಸುಕು ಚಿತ್ರ

ನನಗೆ ಮೂಗು ಬರೆಯಲು ಬರುವುದಿಲ್ಲ. ಈ ಕೊರತೆ ಮುಚ್ಚಿಕೊಳ್ಳಲು ಹುಡುಕಾಡುತ್ತಿದ್ದಾಗ ಸಿಕ್ಕಿದ್ದೇ ಇಂಪ್ರೆಷನಿಸ್ಟ್ ಶೈಲಿ. ಹಿಂದೆ ಫ್ರಾನ್ಸಿನ ಕೆಲವರು ಗೆರೆಗಳ ಗೊಡವೆಯೇ ಬೇಡವೆಂದು, ಬೆಳಕಿಗೊಂದು ಬಣ್ಣ, ನೆರಳಿಗೊಂದು ಬಣ್ಣ ಮೆತ್ತಿ ಮನುಷ್ಯರನ್ನು ಮೂಡಿಸಿದರಂತೆ. ಅವರು ಕಲಿತು ಬಿಟ್ಟದ್ದನ್ನು ನಾನು ಕಲಿಯದೆಯೇ ಬಿಟ್ಟೆ.

ಚಿತ್ರಕ್ಕೆಂದು ಎದುರು ಕೂರಲು ಒಪ್ಪಿದವರು ನನ್ನ ಸೋದರತ್ತೆ ಒಬ್ಬರೇ. ತಮಿಳು ಸೀಮೆಯ ಬೋಡಿನಾಯಕನೂರಿನಲ್ಲಿ ಮೂವತ್ತು ವರ್ಷದಿಂದ ಏಲಕ್ಕಿ ಆರಿಸುವ ಕೈ ಅವರದು. ಸುಮ್ಮನೆ ಕೂರುವುದೆಂದರೆ ಶಿಕ್ಷೆ. ಹಾಗಾಗಿ ಏಲಕ್ಕಿ ಮೊರದ ಸಮೇತ ಬಾಗಿಲ ಪಕ್ಕ ಕೂತರು. ಬೆಳಗಿನ ಎಳೆ ಬಿಸಿಲು ಕೆನ್ನೆಗೆ ಬೀಳುತ್ತಿತ್ತು.

"ಪಟಕ್ಕೆ ಈಗ್ಲೇ ಮಾಲೆ ಹಾಕ್ಬ್ಯಾಡ, ಕಣ್ಣು" ಎಂದರು. ಕಣ್ಣು ಎಂದರೆ ನಾನೇ. ನಮ್ಮ ಮನೆಗಳ ಕನ್ನಡ ಶತಮಾನಗಳಿಂದ ತಮಿಳಿನ ಜೊತೆ ಸಂಸಾರ ಮಾಡಿದೆ. ಮುದ್ದು ಬಂದರೆ ಐವತ್ತರ ಗಂಡಸೂ ಕಣ್ಣಾಗುತ್ತಾನೆ.

ನಾಲ್ಕು ದಿನಕ್ಕೆ ಚಿತ್ರ ಮುಗಿಯಿತು. "ಬೆಟ್ಟದ ಮಂಜೆಲ್ಲಾ ಅವ್ರ ಮೇಲೇ ಇಳ್ದೈತಲ್ಲ" ಎಂದಳು ಹೆಂಡತಿ. ಅತ್ತೆ ಮಾತ್ರ, "ಎಷ್ಟು ತೆಳಿವಾ ಐತೆ! ಕನ್ನಡೀಲಿ ನೋಡ್ಕೊಂಡಂಗೇ ಐತೆ" ಎಂದರು. ತೆಳಿವು ಎಂದರೆ ಸ್ಪಷ್ಟ. ನಾನು ಹಿಗ್ಗಿ ಹೀರೇಕಾಯಾದೆ.

ಆ ಹಿಗ್ಗು ಇಳಿದದ್ದು ಮೊರದ ಕಡೆ ನೋಡಿದಾಗ. ಆರಿಸಿಟ್ಟ ಹಸಿರು ಏಲಕ್ಕಿಯ ರಾಶಿಯಲ್ಲಿ ಹಳದಿ ಕಾಯಿಗಳು ಧಾರಾಳವಾಗಿ ಬೆರೆತಿದ್ದವು. ಹಸಿರಿನಲ್ಲೇ ಏಳು ಬಗೆ ಹೇಳುತ್ತಿದ್ದ ಅತ್ತೆ! ಹಾಗಾದರೆ ಕನ್ನಡಿಯಲ್ಲೂ ಅವರಿಗೆ ಮುಖ ಹೀಗೇ ಕಾಣುತ್ತಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಭಯಕ್ಕೆ ಯಾರಿಗೂ ಹೇಳಿರಲಿಲ್ಲ. ನನಗೆ ಸಂಕಟವಾಯಿತು. ಸುಮ್ಮನಿದ್ದರೆ ಅವರಿಗಿರುವ ನೋಟವೂ ಹೋಗುತ್ತದೆ, ಹೇಳಿದರೆ ನನಗಿರುವ ಒಬ್ಬರೇ ಅಭಿಮಾನಿ ಹೋಗುತ್ತಾರೆ. ನಾಚಿಕೆಗೇಡು ನೋಡಿ, ಒಂದು ಟೀ ಕುಡಿಯುವಷ್ಟು ಹೊತ್ತು ಯೋಚಿಸಿದೆ.

"ಅತ್ತೆ, ಈ ಪಟ ತೆಳಿವಾ ಇಲ್ಲ. ಮಸುಕಾ ಐತೆ. ನಾ ಹಂಗೇ ಬರ್ದಿರೋದು" ಎಂದೆ.

ಅತ್ತೆ ಮೊರದಲ್ಲಿ ಕೈಯಾಡಿಸಿದರು. "ನಂಗೂ ಗೊತ್ತು, ಕಣ್ಣು. ಆಪ್ರೇಷನ್ ಅಂದ್ರೆ ಬಯವಾ ಐತೆ."

"ನಾ ಕೂಡ ಇರ್ತೀನಿ."

ಪಕ್ಕದ ತೇನಿ ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್ ಅರ್ಧ ಗಂಟೆಯ ಕೆಲಸವಷ್ಟೇ. ಪಟ್ಟಿ ಬಿಚ್ಚಿದ ದಿನ ಅತ್ತೆ ಸೀದಾ ಚಿತ್ರದ ಮುಂದೆ ಬಂದು ನಿಂತರು. ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಆ ನೋಟದಲ್ಲಿ ಎಷ್ಟು ಕರುಣೆ! ಇಷ್ಟು ವರ್ಷದಲ್ಲಿ ನನ್ನ ಕಲೆಯನ್ನು ಯಾರೂ ಅಷ್ಟು ಕರುಣೆಯಿಂದ ನೋಡಿದ್ದಿಲ್ಲ. ನನ್ನ ಕೈ ಹಿಡಿದುಕೊಂಡರು.

"ಅಯ್ಯೋ ಪಾವಂ, ನಿಂಗೂ ಹಿಂಗೇ ಕಾಣ್ತಾ ಇತ್ತಾ? ನೋವೇ ಆಗಾದಿಲ್ಲ. ನಾಳೆ ಹೋಗಾನ. ನಾ ಕೂಡ ಇರ್ತೀನಿ."

ಶೈಲಿಯ ಬಗೆಗಿನ ಭಾಷಣವನ್ನು ಜೇಬಿನಲ್ಲೇ ಇಟ್ಟುಕೊಂಡೆ. ಮರುದಿನ ಇಬ್ಬರೂ ತೇನಿ ಬಸ್ಸು ಹತ್ತಿದೆವು.