ಬ್ರೆಡ್ ಆಟೋದ ಹಾಡು

ಸತ್ತವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ಮೆಲ್ಲಗೆ ಮಾತು ಬದಲಿಸುತ್ತಿದ್ದೆ. ವಾದಕ್ಕೆ ಇಳಿಯುತ್ತಿರಲಿಲ್ಲ, ನಂಬುತ್ತಲೂ ಇರಲಿಲ್ಲ. ಭೌತಶಾಸ್ತ್ರ ಓದಿ, ಇಪ್ಪತ್ತು ವರ್ಷ ವಿಮಾ ಕಚೇರಿಯಲ್ಲಿ ಅಪಘಾತದ ಕ್ಲೇಮುಗಳನ್ನು ನೋಡಿದವನು ನಾನು. ಉಳಿದುಕೊಂಡವರು ಆಮೇಲೆ ಕತೆ ಕಟ್ಟಿಕೊಳ್ಳುವುದು ನನಗೆ ಹೊಸದಲ್ಲ. ಇದನ್ನೂ ನೀವು ಹಾಗೆಯೇ ಓದಿದರೆ ನನಗೆ ಬೇಸರವಿಲ್ಲ.

ನನ್ನ ಹೆಂಡತಿ ಸುಧಾ ಒಂದು ವರ್ಷ ತನ್ನ ಶಾಲೆಯ ಟೀಚರುಗಳ ಜೊತೆ ಶ್ರೀಲಂಕಾಕ್ಕೆ ಹೋಗಿದ್ದಳು. ನನಗೆ ರಜೆ ಸಿಗಲಿಲ್ಲ. ವಾಪಸ್ ಬಂದಮೇಲೆ ತಿಂಗಳುಗಟ್ಟಲೆ ಅದೇ ಮಾತು. ಅಲ್ಲಿ ಎಳನೀರು ಕೇಸರಿ ಬಣ್ಣದ್ದು, ರೈಲು ಸಮುದ್ರದ ಅಂಚಿನಲ್ಲೇ ಓಡುತ್ತದೆ, ಪ್ರತಿ ಹುಣ್ಣಿಮೆಗೂ ರಜೆ, ಬುದ್ಧನಿಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಳ್ಳಬಾರದು. ಇವನ್ನೆಲ್ಲ ಬರೆದು, ಹೋಗುವವರಿಗೆ ಅನುಕೂಲವಾಗಲಿ ಎಂದು ಎರಡು ಹಾಳೆ ಮಾಡಿಟ್ಟಿದ್ದಳು.

ಆದರೆ ಅವಳಿಗೆ ಬಹಳ ಇಷ್ಟವಾದದ್ದು ಬ್ರೆಡ್ ಆಟೋ. ಅಲ್ಲಿ ಬೆಳಿಗ್ಗೆ ಮತ್ತು ಸಂಜೆ ಬನ್ನು, ಬ್ರೆಡ್ಡು ಮಾರುವ ಆಟೋಗಳು ಮೈಕಿನಲ್ಲಿ ಒಂದು ಹಾಡು ಹಾಕಿಕೊಂಡು ಬೀದಿ ಸುತ್ತುತ್ತವಂತೆ. ಮೊದಲ ದಿನ ಬೆಳಿಗ್ಗೆ ಹಾಡು ಕೇಳಿದ್ದೇ ತಡ, ನಮ್ಮ ಪುಟ್ಟೇನಹಳ್ಳಿಯಲ್ಲಿ ಹಾಡು ಹಾಕಿಕೊಂಡು ಬರುವ ಕಸದ ಗಾಡಿಯ ಅಭ್ಯಾಸ ನೋಡಿ, ಇವಳು ರೂಮಿನ ಕಸದ ಬುಟ್ಟಿ ಎತ್ತಿಕೊಂಡು ಬೀದಿಗೆ ಓಡಿದ್ದಳು. ಅವಳ ಹಿಂದೆ ಇನ್ನಿಬ್ಬರು ಟೀಚರು. ಬ್ರೆಡ್ಡಿನವನು ಮೂರು ಬುಟ್ಟಿಗಳನ್ನೂ ನೋಡಿ ಆಟೋದ ಹಿಂದಿನ ಗಾಜಿನ ಬಾಗಿಲು ಮುಚ್ಚಿಕೊಂಡನಂತೆ.

"ರೀ, ಮುಂದಿನ್ ಸಲ ನೀವು ಬರ್ಲೇಬೇಕು. ನಿಮ್ ಕೈಲೇ ಬ್ರೆಡ್ ತರಿಸ್ತೀನಿ" ಅನ್ನುತ್ತಿದ್ದಳು. ಅಡುಗೆಮನೆಯಲ್ಲಿ ಆ ಹಾಡನ್ನು ಗುನುಗುತ್ತಿದ್ದಳು. ನಡುವೆ ಒಂದು ಕಡೆ ಎಡವುತ್ತಿದ್ದಳು, ಒಂದು ಕ್ಷಣ ನಿಲ್ಲಿಸಿ ಮತ್ತೆ ಮೊದಲಿಂದ. ಆ ಮುಂದಿನ ಸಲ ಬರಲೇ ಇಲ್ಲ. ಕಾಯಿಲೆ ಗೊತ್ತಾದ ಐದನೇ ತಿಂಗಳಿಗೆ ಹೋಗಿಬಿಟ್ಟಳು.

ಎರಡು ವರ್ಷದ ನಂತರ, ಒಂದು ಮೇ ತಿಂಗಳಲ್ಲಿ, ಅವಳ ತಂಗಿ ರೇಖಾ ಶ್ರೀಲಂಕಾಕ್ಕೆ ಹೊರಟಳು. "ಭಾವ, ಅಕ್ಕ ಬರೆದಿಟ್ಟಿದ್ದು ಜೆರಾಕ್ಸ್ ಮಾಡಿಸಿ ಕೊಡಿ" ಎಂದಳು. ಅದಕ್ಕಾಗಿ ಸಂಜೆ ಜಯನಗರಕ್ಕೆ ಹೋದೆ. ಅಂಗಡಿಯಲ್ಲಿ ಕರೆಂಟು ಇರಲಿಲ್ಲ. ಎದುರಿನ ಗುಲ್‌ಮೊಹರ್ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಹಾಳೆ ಓದತೊಡಗಿದೆ. ಪಕ್ಕದಲ್ಲಿ ಎಳನೀರಿನವನು ಟಾರ್ಪಾಲು ಕಟ್ಟುತ್ತಿದ್ದ. ಗಾಳಿ ಎದ್ದಿತ್ತು, ಮಳೆ ಇನ್ನೂ ಬಂದಿರಲಿಲ್ಲ. ನಾನು ಓದುತ್ತಿದ್ದದ್ದು ಯಾವ ತಿಂಗಳಲ್ಲಿ ಯಾವ ಕಡೆಯ ಸಮುದ್ರ ಶಾಂತವಾಗಿರುತ್ತದೆ ಎಂಬುದನ್ನು. ಬ್ರೆಡ್ಡಿನ ವಿಷಯ ಎರಡನೇ ಹಾಳೆಯಲ್ಲಿತ್ತು. ಅಲ್ಲಿಗೆ ನಾನಿನ್ನೂ ಬಂದಿರಲಿಲ್ಲ.

ಆಗ ಹಾಡು ಕೇಳಿಸಿತು. ಮುಂದಿನ ತಿರುವಿನ ಕಡೆಯಿಂದ, ಅಗ್ಗದ ಮೈಕಿನಲ್ಲಿ ಬರುವ ಹಾಗೆ. ನನಗೆ ಆಶ್ಚರ್ಯವಾಗಲಿಲ್ಲ. ಬ್ರೆಡ್ ಬಂತು ಅಂದುಕೊಂಡೆ, ಅಷ್ಟೆ. ಹೊರಟುಹೋದಾನು ಎಂಬ ಅವಸರದಲ್ಲಿ ಎದ್ದು ನಡೆದೆ. ಹಾಡು ನಡುವೆ ಎಡವಿತು, ನಿಂತಿತು, ಮತ್ತೆ ಮೊದಲಿಂದ ಶುರುವಾಯಿತು. ಸುಧಾ ಎಡವುತ್ತಿದ್ದದ್ದೂ ಅಲ್ಲೇ. ಅದೇ ಗಳಿಗೆಯಲ್ಲಿ ಹಿಂದೆ ಏನೋ ಸೀಳಿದ ಸದ್ದು, ಕಾಲ ಕೆಳಗಿನ ನೆಲ ಅದುರಿದಂತಾಯಿತು. ತಿರುಗಿ ನೋಡಿದರೆ ಬೆಂಚು ಇರಲಿಲ್ಲ. ಒಬ್ಬರ ತೆಕ್ಕೆಗೆ ಸಿಗದಷ್ಟು ದಪ್ಪದ ಕೊಂಬೆ ಅದನ್ನು ಎರಡು ತುಂಡು ಮಾಡಿ ಮಲಗಿತ್ತು. ಮತ್ತೆ ತಿರುವಿನ ಕಡೆ ನೋಡಿದೆ. ಹಾಡು ನಿಂತಿತ್ತು.

ಎಳನೀರಿನವನು ಓಡಿಬಂದು ನನ್ನ ಭುಜ ಹಿಡಿದ.

"ಹೆಂಗೆ ಗೊತ್ತಾಯ್ತು ಸಾರ್? ಸಟಕ್ಕನೆ ಎದ್ಬಿಟ್ರಲ್ಲ."

"ಹಾಡು ಬರ್ತಿತ್ತಲ್ಲಪ್ಪಾ."

"ಯಾವ್ ಹಾಡು ಸಾರ್? ಗಾಳಿ ಬಿಟ್ರೆ ಏನಿರ್ಲಿಲ್ಲ. ಕೂತ್ಕೊಳಿ, ಒಂದ್ ಎಳನೀರು ಕುಡೀರಿ, ಮುಖ ಬಿಳಿಚಿಕೊಂಡೈತೆ."

ಆಮೇಲೆ ತಿರುವಿನವರೆಗೂ ಹೋಗಿ ನೋಡಿದೆ. ಒಂದು ಹಾಲಿನ ಬೂತು, ಬಾಗಿಲು ಹಾಕಿದ ಟೈಲರ್ ಅಂಗಡಿ. ಹಾಡು ಹಾಕಿಕೊಂಡು ಗಾಡಿ ಏನಾದರೂ ಬಂದಿತ್ತೇ ಎಂದು ಬೂತಿನ ಹೆಂಗಸನ್ನು ಕೇಳಿದೆ. ಕಸದ ಗಾಡಿ ಬೆಳಿಗ್ಗೆ ಬರೋದು ಅಂಕಲ್, ಸಂಜೆ ಯಾವುದೂ ಇಲ್ಲ ಎಂದಳು.

ಇವತ್ತಿಗೂ ಬಸ್ಸಿನಲ್ಲಿ, ಆಫೀಸಿನಲ್ಲಿ, ಬೆಂಚಿನಿಂದ ಎದ್ದು ಇಟ್ಟ ಆ ಹೆಜ್ಜೆಗಳನ್ನು ಎಣಿಸುತ್ತಿರುತ್ತೇನೆ. ಹತ್ತು, ಹೆಚ್ಚೆಂದರೆ ಹನ್ನೊಂದು. ಮನಸ್ಸು ಹಳೆಯ ಸದ್ದನ್ನು ಹೊರತೆಗೆದಿರಬಹುದು, ಕೊಂಬೆ ಬಿರುಕು ಬಿಡುವ ಸಣ್ಣ ಸಪ್ಪಳ ಕಿವಿಗೆ ಮೊದಲೇ ಬಿದ್ದಿರಬಹುದು. ಬೇರೆಯವರ ಕ್ಲೇಮಾಗಿದ್ದರೆ ನಾನೇ ಹಾಗೆ ಬರೆಯುತ್ತಿದ್ದೆ.

ರೇಖಾ ಅಲ್ಲಿಂದ ಒಂದು ವಿಡಿಯೋ ಕಳಿಸಿದ್ದಳು. ಜೊತೆಗೆ ಒಂದು ಮಾತು: "ಭಾವ, ಅಕ್ಕನ ಬ್ರೆಡ್ ಆಟೋ. ನಿಮಗೋಸ್ಕರ ಆರಕ್ಕೇ ಎದ್ದಿದೀನಿ. ಕಸದ ಬುಟ್ಟಿ ತಗೊಂಡ್ ಹೋಗ್ಲಿಲ್ಲ, ಮಾನ ಉಳೀತು." ಮೂರು ವರ್ಷವಾಯಿತು, ಫೋನು ಬದಲಾಯಿತು, ಆ ವಿಡಿಯೋವನ್ನು ಹೊಸ ಫೋನಿಗೂ ಹಾಕಿಸಿಕೊಂಡಿದ್ದೇನೆ. ತೆರೆದಿಲ್ಲ. ಅಲ್ಲಿಯ ಆಟೋದ ಹಾಡೇ ಎಡವುತ್ತದೆ ಎಂದಾದರೆ, ಎಡವುತ್ತಿದ್ದದ್ದು ಸುಧಾ ಅಲ್ಲ, ಆ ಸಂಜೆ ನನ್ನನ್ನು ಎಬ್ಬಿಸಿದ್ದೂ ಅವಳಲ್ಲ. ಎಡವುವುದಿಲ್ಲ ಎಂದಾದರೆ, ತಿರುವಿನ ಆಚೆ ಇದ್ದವಳು ಅವಳೇ. ನಾನು ಅವಳ ಕಡೆಗೆ ಹತ್ತು ಹೆಜ್ಜೆ ಹೋಗಿ, ಒಂದು ಮರದ ಸದ್ದಿಗೆ ಹಿಂದಕ್ಕೆ ತಿರುಗಿಬಿಟ್ಟೆ.